ಹೇಳದೆ ಎದ್ದು ಹೋದವರು

ಮಾಯಾಂಡಿ ಮಸ್ಕಟ್ಟಿನಲ್ಲಿ ತೀರಿಕೊಂಡ ಸುದ್ದಿ ಕಂಬಂನಲ್ಲಿದ್ದ ಅವನ ಮನೆಗೆ ಬರಲಿಲ್ಲ. ಸೋಮವಾರ ಬೆಳಿಗ್ಗೆ ತೇನಿಯ ಬ್ರೌಸಿಂಗ್ ಸೆಂಟರಿಗೆ ಬಂತು. ಕಂಬಂ ಕಣಿವೆಯಿಂದ ಗಲ್ಫಿಗೆ ಹೋದವರೆಲ್ಲ ತಮ್ಮ ಕಂಪನಿಗಳಿಗೆ ಕೊಟ್ಟಿದ್ದ ಈಮೇಲ್ ವಿಳಾಸ ಅದೊಂದೇ. ಸೆಂಟರಿನ ಒಡೆಯ ಪಾಂಡಿಯರಾಜನ್ ಸತ್ತವನ ಅಕ್ಕನ ಮಗ. ಬೋರ್ಡಿನಲ್ಲಿ ಇಡೀ ಭೂಗೋಳ ಬರೆಸಿದ್ದ. ಒಳಗಿದ್ದದ್ದು ಒಂದು ಕಂಪ್ಯೂಟರ್, ಒಂದು ಫೋನ್ ಲೈನು, ಮೂರು ಪ್ಲಾಸ್ಟಿಕ್ ಕುರ್ಚಿ. ಇದರಲ್ಲಿ ಮೂವತ್ತೆರಡು ಎಂಬಿ ಮೆಮೊರಿ ಇದೆ, ಕಂಬಂ ಕಣಿವೆಯನ್ನೇ ತುಂಬಿಡಬಹುದು ಎಂದು ಬಂದವರಿಗೆಲ್ಲ ಹೇಳುತ್ತಿದ್ದ.

ಕಣಿವೆ ಆ ಮಾತನ್ನು ನಂಬಿ ಬಂದೇಬಿಟ್ಟಿತು. ಗೂಡಲೂರಿನಿಂದ, ಆಂಡಿಪಟ್ಟಿಯಿಂದ ಬಸ್ಸಿಳಿದ ನೆಂಟರೆಲ್ಲರಿಗೂ ಈಮೇಲಿನಲ್ಲಿ ಬಂದ ಆ ಕಾಗದವನ್ನು ಕಣ್ಣಾರೆ ನೋಡಬೇಕಿತ್ತು. ಸತ್ತವನ ಅಣ್ಣ ಅಳಗರ್ ಹೆಗಲ ಮೇಲೆ ಟವೆಲ್ ಹಾಕಿಕೊಂಡು ಒಂದು ಕುರ್ಚಿಯಲ್ಲಿ ಕೂತರು. ಪಾಂಡಿಯರಾಜನ್ ಕಾಗದ ತೆರೆದು, ಮೌಸಿನ ಬಾಣದಿಂದ ಮಾಯಾಂಡಿಯ ಹೆಸರು ಎಲ್ಲಿದೆ ಎಂದು ತೋರಿಸುತ್ತಿದ್ದ. ಇಂಗ್ಲಿಷಿನ ಒಂದಕ್ಷರ ತಿಳಿಯದವರೂ ಮರ್ಯಾದೆಗೆ ಎಷ್ಟು ಹೊತ್ತು ನೋಡಬೇಕೋ ಅಷ್ಟು ಹೊತ್ತು ನೋಡಿ, ಕಣ್ಣೊರೆಸಿಕೊಂಡು, ಒಂದು ಮಾತೂ ಹೇಳದೆ ಎದ್ದು ಹೋದರು. ಸಾವಿನ ಮನೆಯಲ್ಲಿ 'ಹೋಗಿ ಬರುತ್ತೇನೆ' ಎನ್ನಬಾರದು. ಮನೆಯವರೂ ಯಾರನ್ನೂ ಬೀಳ್ಕೊಡಬಾರದು.

ಮೊದಲ ನೆಂಟ ಎದ್ದ ಮೇಲೆ ಅವನಿಗೆ ತೋರಿಸಿದ ವಿಂಡೋ ಮುಚ್ಚಲು ಹೋದ ಪಾಂಡಿಯರಾಜನ್ನನ ಮಣಿಕಟ್ಟನ್ನು ಅಳಗರ್ ಹಿಡಿದರು.

"ಮುಚ್ಚಬ್ಯಾಡ. ಬಂದೋರಿಗೆ ನಾವೇ ಓಗಿ ಅಂದಂಗಾಯ್ತದೆ."

ಆ ವಿಂಡೋ ಹಾಗೆಯೇ ಉಳಿಯಿತು. ಮುಂದೆ ಬಂದವರಿಗೆ ಹೊಸದೊಂದು, ಅವರ ಹಿಂದಿನವರಿಗೆ ಮತ್ತೊಂದು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಮಾಯಾಂಡಿ ಇಪ್ಪತ್ತಮೂರು ಸಲ ಸತ್ತು, ಪರದೆಯ ಕೆಳಗಿನ ಪಟ್ಟಿಯಲ್ಲಿ ಸಾಲಾಗಿ ಮಲಗಿದ್ದ.

ಆಗ ಎರಡನೆಯ ಕಾಗದ ಬಂತು. ಕಂಪನಿ ಬಹಳ ಸಭ್ಯವಾಗಿ ಕೇಳಿತ್ತು: ದೇಹವನ್ನು ಊರಿಗೆ ಕಳುಹಿಸಬೇಕೆ? ಮನೆಯವರ ಒಪ್ಪಿಗೆ ಸಂಜೆ ನಾಲ್ಕರೊಳಗೆ ಈಮೇಲಿನಲ್ಲೇ ಬರಬೇಕು, ಇಲ್ಲವಾದರೆ ಇಲ್ಲಿಯೇ ಮಣ್ಣು ಮಾಡುತ್ತೇವೆ. ಮಸ್ಕಟ್ಟಿನ ನಾಲ್ಕು ಎಂದರೆ ನಮ್ಮ ಐದೂವರೆ. ಮಾಯಾಂಡಿಯ ಹೆಂಡತಿ ರಾಜಮ್ಮಾಳ್ ಸೋಮವಾರದಿಂದ ಕೇಳುತ್ತಿದ್ದುದು ಒಂದನ್ನೇ, ಒಮ್ಮೆ ಮುಖ ನೋಡಬೇಕು ಎಂದು. ಆಕೆಯನ್ನು ಬಸ್ಸು ಹತ್ತಿಸಿ ಕರೆಸಿದರು. ಪಾಂಡಿಯರಾಜನ್ ಉತ್ತರ ಬರೆಯುವ ಪುಟವನ್ನು ಒತ್ತಿದ. ಅದು ಅರ್ಧ ತೆರೆದು ನಿಂತಿತು. ಮೌಸಿನ ಬಾಣ ಎಳೆದ ಎಷ್ಟೋ ಹೊತ್ತಿನ ಮೇಲೆ ಇಂಚಿಂಚಾಗಿ ತೆವಳತೊಡಗಿತು.

ದಿಂಡಿಗಲ್ಲಿನ ತಂಗರಾಜನನ್ನು ಕೇಳಬೇಕಿತ್ತು; ಕಂಪ್ಯೂಟರ್ ಮಾರಿದವನು ಅವನು. ಆದರೆ ಇಂಟರ್‌ನೆಟ್ಟಿಗೂ ಫೋನಿಗೂ ಇದ್ದದ್ದು ಅದೇ ಲೈನು. ಜಗತ್ತಿನ ಸಂಪರ್ಕ ಕಡಿದು ದಿಂಡಿಗಲ್ಲಿನ ಸಂಪರ್ಕ ಪಡೆದರು. ಬ್ರೌಸರ್ ಮೆಮೊರಿಯನ್ನೆಲ್ಲ ತಿಂದುಹಾಕಿದೆ, ತೆರೆದಿರುವುದನ್ನೆಲ್ಲ ಮುಚ್ಚು, ಇಲ್ಲವೇ ಯಂತ್ರವನ್ನೇ ಆರಿಸಿ ಹಾಕು ಎಂದ ತಂಗರಾಜ್, ಒಂದೇ ಕಾಗದವನ್ನು ಇಪ್ಪತ್ತಮೂರು ಸಲ ತೆರೆದಿಟ್ಟ ಪುಣ್ಯಾತ್ಮ ಯಾರು ಎಂದೂ ಕೇಳಿದ. ಪಾಂಡಿಯರಾಜನ್ ಮಾವನ ಕಡೆ ನೋಡಿ, ಇವತ್ತು ಗಿರಾಕಿ ಜಾಸ್ತಿ ಎಂದು ಫೋನಿಟ್ಟ.

ಅಳಗರ್ ಒಪ್ಪಲಿಲ್ಲ. ಮುಚ್ಚುವುದು ನೆಂಟರನ್ನು ಒಬ್ಬೊಬ್ಬರಾಗಿ ಹೊರಗೆ ದಬ್ಬಿದಂತೆ, ಆರಿಸುವುದು ಎಲ್ಲರನ್ನೂ ಒಟ್ಟಿಗೆ ದಬ್ಬಿದಂತೆ. ಸೂತಕ ಇಲ್ಲದಿದ್ದರೆ ಯಂತ್ರಕ್ಕೆ ಒಂದು ಕಾಯಿಯನ್ನಾದರೂ ಒಡೆಸುತ್ತಿದ್ದರು. ಈಗ ಅದೂ ಕೂಡದು. ಹಾಗಾಗಿ ಕಣ್ಣು ಮುಚ್ಚಿ ಕುಲದೈವ ನಂದಗೋಪಾಲನನ್ನು ನೆನೆದರು. ದೇವರು ಕೇಳಿಸಿಕೊಂಡಿರಬಹುದು, ಬ್ರೌಸರ್ ಕೇಳಿಸಿಕೊಳ್ಳಲಿಲ್ಲ. ಗೋಡೆಯ ಗಡಿಯಾರ ಐದು ದಾಟಿತು. ಸಂಪ್ರದಾಯದ ಒಂದು ಕೂದಲು ಮಾತ್ರ ಕೊಂಕಲಿಲ್ಲ.

ಬಾಗಿಲ ಬಳಿ ಕೂತಿದ್ದ ರಾಜಮ್ಮಾಳ್ ಎದ್ದು ಬಂದಳು.

"ಬಾವ, ಒಂದು ಕೇಳ್ತೀನಿ. ಸಾವಿನ ಮನೇಲಿ ತಾನೆ ಯೋಳ್ದೆ ಓಗೋದು?"

"ಆಮಾ, ಔದು."

"ನಮ್ಮ ಯಜಮಾನ್ರು ಇನ್ನೂ ಬಂದೇ ಇಲ್ವಲ್ಲ. ಮಣ್ಣು ಅಲ್ಲೇ ಆದ್ರೆ ಇಲ್ಲಿ ಸಾವಿನ ಮನೆ ಯಾವುದು? ಈ ಪೆಟ್ಟಿಗೇನಾ?"

ಅಳಗರ್‌ಗೆ ಅರವತ್ತೆಂಟು ವರ್ಷ. ಊರಿನ ಎಲ್ಲ ಸಾವಿಗೂ ಮುಂದೆ ನಿಂತು ವಿಧಿ ಹೇಳಿದವರು. ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ರಾಜಮ್ಮಾಳ್ ಉತ್ತರಕ್ಕೆ ಕಾಯಲಿಲ್ಲ. ಎಲ್ಲಿ ಒತ್ತಬೇಕು ಎಂದು ಪಾಂಡಿಯರಾಜನ್ನನನ್ನು ಕೇಳಿದಳು. ಅವನು ವಿಂಡೋದ ಮೂಲೆಯ ಪುಟ್ಟ ಕತ್ತರಿ ಗುರುತನ್ನು ತೋರಿಸಿದ. ಹತ್ತಿ ಬಿಡಿಸಿ ಒರಟಾಗಿದ್ದ ಅವಳ ಬೆರಳು ಒತ್ತಿತು. ಬಹಳ ಹೊತ್ತಿನ ಮೇಲೆ ಒಂದು ವಿಂಡೋ ಹೋಯಿತು. "ಓಗಿ ಬನ್ನಿ" ಎಂದಳು, ಮೆಲ್ಲಗೆ, ನೆಂಟರಿಗೆ ಹೇಳುವಂತೆ. ಇನ್ನೊಂದು ಹೋಯಿತು. ಹತ್ತು ಹೋದ ಮೇಲೆ ಬಾಣ ಸರಾಗವಾಗಿ ಓಡತೊಡಗಿತು. ಇಪ್ಪತ್ತಮೂರೂ ಹೋದ ಮೇಲೆ ಪರದೆ ಖಾಲಿಯಾಯಿತು. ಪಾಂಡಿಯರಾಜನ್ ಮತ್ತೆ ಲೈನು ಹಿಡಿದು, ಎರಡು ಸಾಲು ಬರೆದು ಕಳುಹಿಸಿದಾಗ ಐದೂ ಇಪ್ಪತ್ತೈದು.

ಆರು ಗಂಟೆಗೆ ಕಂಪನಿಯ ಉತ್ತರ ಬಂತು. ದೇಹ ಗುರುವಾರದ ವಿಮಾನಕ್ಕೆ. ಪಾಂಡಿಯರಾಜನ್ ಅದನ್ನು ಓದಿ ಹೇಳಿದ ಮೇಲೆ, ತಪ್ಪೆಲ್ಲ ಯಂತ್ರದ್ದೇ, ಇನ್ನಷ್ಟು ಮೆಮೊರಿ ಹಾಕಿಸಬೇಕು ಎಂದು ದೊಡ್ಡವರ ಮರ್ಯಾದೆ ಉಳಿಸುವ ಮಾತನ್ನೂ ಸೇರಿಸಿದ. ಅಳಗರ್ ಗಂಭೀರವಾಗಿ ತಲೆಯಾಡಿಸಿ, ಹೊರಗೆ ರಸ್ತೆಯಂಚಿಗೆ ಬಂದು, ಟವೆಲನ್ನು ಸೊಂಟಕ್ಕೆ ಸುತ್ತಿ, ಪಡುವಣ ಬೆಟ್ಟದ ಕಡೆಗೆ ಕೈಮುಗಿದು ನಿಂತರು.

"ನಂದಗೋಪಾಲಾ, ನನ್ನ ತಮ್ಮನ ಆತ್ಮಕ್ಕೆ ಶಾಂತಿ ಕೊಡಪ್ಪ. ಅವನ ದಾರೀಲಿ ಅಡ್ಡ ಕೂತಿದ್ದು ಯಾರು ಅಂತ ಮಾತ್ರ ಅವನಿಗೆ ಯೋಳಬ್ಯಾಡ."