ಚೀಟಿಯ ಮಾತು

ಚೀಟಿ ಬಿಚ್ಚಿದ ಕಾಶವ್ವನ ಎದೆ ಧಸಕ್ಕೆಂದಿತು. "ಬೇಡ" ಎಂದು ಬಂದಿತ್ತು.

ಪುಣೆಯ ಬಿಬವೇವಾಡಿಯ ಆಸ್ಪತ್ರೆಯಲ್ಲಿ, ಮೆಟ್ಟಿಲ ತಿರುವಿನ ಗೂಡಿನೊಳಗೆ ಕುಳಿತ ಗಣಪತಿಯ ಮುಂದೆ ಅವಳು ಎರಡು ಚೀಟಿ ಇಟ್ಟಿದ್ದಳು. ಒಂದರಲ್ಲಿ "ಮಾಡಿಸು", ಇನ್ನೊಂದರಲ್ಲಿ "ಬೇಡ". ಮೇಲಿನ ಮಹಡಿಯಲ್ಲಿ ಗಂಡ ರಾಮಲಿಂಗಪ್ಪ ತಲೆಯೊಳಗೆ ಉಬ್ಬಿದ ರಕ್ತನಾಳ ಇಟ್ಟುಕೊಂಡು ಮಲಗಿದ್ದರು. ಆಪರೇಷನ್ ಮಾಡಿದರೆ ನೂರರಲ್ಲಿ ಅರವತ್ತು ಮಂದಿ ಉಳಿಯುತ್ತಾರೆ, ಬಿಟ್ಟರೆ ಅದು ಯಾವ ಗಳಿಗೆಗೆ ಒಡೆಯುತ್ತದೋ ಹೇಳಲಾಗದು ಎಂದಿದ್ದರು ಡಾಕ್ಟರು. ಹನ್ನೊಂದು ಗಂಟೆಯೊಳಗೆ ಸಹಿ ಬೇಕು. ಮಗಳಿಗೆ ಗಂಡು ಗೊತ್ತು ಮಾಡಿದ್ದು, ಬೆಳಗಾವಿ ಬಿಟ್ಟು ಪುಣೆಗೆ ಬಂದದ್ದು, ಎಲ್ಲವೂ ದೇವರ ಮುಂದೆ ಚೀಟಿ ಇಟ್ಟೇ ಆದದ್ದು. ಬಂದದ್ದಕ್ಕೆ ಕಾಶವ್ವ ಒಮ್ಮೆಯೂ ಎದುರು ಕೇಳಿದವಳಲ್ಲ.

ಇಂದು ಕೇಳಿದಳು. ತಪ್ಪಾಯಿತಪ್ಪಾ ಎಂದು ಗಲ್ಲ ಬಡಿದುಕೊಂಡು, ಔಷಧಿ ಅಂಗಡಿಯ ರಸೀತಿ ಹರಿದು ಮತ್ತೆರಡು ಚೀಟಿ ಬರೆದಳು: "ಚೀಟಿಯ ಮಾತು ನಂಬು", "ಚೀಟಿಯ ಮಾತು ನಂಬಬೇಡ". ಮಡಚಿ, ಕಲಸಿ, ಕಣ್ಣು ಮುಚ್ಚಿ ಒಂದನ್ನೆತ್ತಿದಳು. "ನಂಬಬೇಡ" ಎಂದು ಬಂತು.

ಹೋದ ಜೀವ ಬಂದಂತಾಯಿತು. ಹಾಗಾದರೆ ಮೊದಲು ಬಂದ "ಬೇಡ" ದೇವರ ಮಾತಲ್ಲ! ಪಕ್ಕದಲ್ಲಿದ್ದ ನಾದಿನಿ ನೀರಜಾಳ ಮುಂದೆ ಚೀಟಿ ಹಿಡಿದಳು. ಕಾಲೇಜಿನಲ್ಲಿ ಗಣಿತ ಕಲಿಸುವವಳು ನೀರಜಾ. ಮೇಲೆ ಮಲಗಿದವರು ಅವಳ ಒಬ್ಬನೇ ಅಣ್ಣ. ಓದಿ, ಏನೋ ಹೇಳಹೋಗಿ ನುಂಗಿಕೊಂಡಳು. ಅದೇನೆಂದು ಹೇಳುವವರೆಗೆ ಕಾಶವ್ವ ಬಿಡಲಿಲ್ಲ.

"ವೈನಿ, ಇದೂ ಒಂದು ಚೀಟಿನ ಅಲ್ಲೇನ್ರಿ?"

ಕಾಶವ್ವ ಕೈಯಲ್ಲಿದ್ದ ಕಾಗದವನ್ನು ನೋಡಿದಳು.

"ಹಂಗಾರ ಇದು ನೂರಕ್ಕ ಎಷ್ಟು ಖರೆ? ನಿನ್ನ ಲೆಕ್ಕದಾಗ ಹೇಳು. ಅರವತ್ತು? ಐವತ್ತು?"

"ಯಾವ ಅಂಕಿನೂ ಕೂಡೂದಿಲ್ರಿ. ನಂಬಿದ್ರ, ತನ್ನನ್ನೂ ನಂಬಬ್ಯಾಡ ಅಂತದ. ನಂಬಲಿಲ್ಲ ಅಂದ್ರ ಅದರ ಮಾತು ನಡಿಸಿದಂಗ. ಹುಡುಗರಿಗೆ ಇಂಥಾ ಒಗಟು ಕೊಟ್ಟು ನಗತಿದ್ದೆ ನಾನು." ನೀರಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಗಣಪತಿ ಇದ್ದಂತೆಯೇ ಇದ್ದ. ತಾನು ಬಿಚ್ಚಿದ್ದು ಚೀಟಿಯಲ್ಲ, ಬಾವಿಯ ಮುಚ್ಚಳ ಎನ್ನಿಸಿತು ಕಾಶವ್ವನಿಗೆ. ಇಣುಕಿದಷ್ಟೂ ಕತ್ತಲೆ, ತಳವೇ ಕಾಣದು. ದೇವರು ಕೈಬಿಟ್ಟನೋ, ನೀನೇ ನೋಡಿಕೋ ಎಂದು ಅವಳ ಕೈಗೇ ಕೊಟ್ಟನೋ ತಿಳಿಯಲಿಲ್ಲ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೆದರಬೇಕೆಂದೂ ತಿಳಿಯಲಿಲ್ಲ.

ನರ್ಸು ಇಳಿದು ಬಂದು, "ಮಾವಶಿ, ಸಹಿ?" ಎಂದಳು. ಕಾಶವ್ವ ಮತ್ತೆ ಗೂಡಿನತ್ತ ತಿರುಗಲಿಲ್ಲ. ಹೆಸರು ಮೂರೇ ಅಕ್ಷರ. ಆಪರೇಷನ್ನಿನ ಒಪ್ಪಿಗೆ ಕಾಗದದ ಮೇಲೆ ಒಂದೊಂದನ್ನೇ ಬಿಡಿಸಿ ಬರೆದಳು.

ಆಪರೇಷನ್ ಕೋಣೆಯ ಬಾಗಿಲಲ್ಲಿ ರಾಮಲಿಂಗಪ್ಪ ಕಣ್ಣು ತೆರೆದರು. ಚೀಟಿ ಇಟ್ಟಿದ್ದೆಯಾ ಎಂದು ಕೇಳಿದರು. ಇಟ್ಟಿದ್ದೆ ಎಂದಳು.

"ಏನಂದ ದೇವರು?"

"ಮಾಡಿಸು ಅಂದಾನ್ರಿ."

ಅವರ ಹಣೆಯ ಗೆರೆಗಳು ಒಂದೊಂದಾಗಿ ಸಡಿಲಾದವು. "ಹಂಗಾರ ನನಗೇನೂ ಅಂಜಿಕಿ ಇಲ್ಲ ತಗೋ" ಎಂದು ಕಣ್ಣು ಮುಚ್ಚಿದರು.

ಬಾಗಿಲು ಹಾಕಿಕೊಂಡಿತು. ಅವರು ಬಿಟ್ಟುಹೋದ ಅಂಜಿಕೆ ಹೊರಗೆ ಕಾಶವ್ವನ ಜೊತೆ ನಿಂತಿತು.