ಗುಬ್ಬಚ್ಚಿ ಮುದ್ರೆ

ಹಡಗಿನಲ್ಲಿ ಬಂದ ಕತ್ತರಿಗಳ ರಟ್ಟಿನ ಪೆಟ್ಟಿಗೆಯನ್ನು ಸಗಟು ವ್ಯಾಪಾರಿ ಸಾಣೆ ಚಕ್ರದ ಪಕ್ಕಕ್ಕೇ ಇಳಿಸಿದ. ಗುಬ್ಬಚ್ಚಿ ಮುದ್ರೆಯ ಉಕ್ಕಿನ ಅಚ್ಚನ್ನೂ ಸುತ್ತಿಗೆಯನ್ನೂ ಮೇಜಿನ ಮೇಲೆ ಇಟ್ಟುಕೊಂಡು ತಮ್ಮ ಕಾಯುತ್ತಿದ್ದ. ಅಕ್ಕ ಮಾತ್ರ ಹೊಸ್ತಿಲ ಬಳಿಯೇ ನಿಂತಿದ್ದಳು. ಒಳಗೆ ಕಾಲಿಟ್ಟರೆ ಎಲ್ಲಿ ಹೂಂ ಎಂದುಬಿಡುತ್ತೇನೋ ಎಂಬ ಭಯ ಅವಳಿಗೆ.

"ಬನ್ನಿ ಅಮ್ಮಾ, ನಿಮ್ಮ ತವರಿಗೆ ನೀವೇ ನೆಂಟರಾದ್ರೆ ಹೇಗೆ?" ಎಂದು ವ್ಯಾಪಾರಿ ನಕ್ಕ. "ಒಪ್ಪಂದ ಆಯ್ತಲ್ಲ, ಎರಡು ಸರ್ಕಾರಗಳೇ ಕೈ ಕುಲುಕಿ ಸುಂಕ ಬೇಡ ಅಂದ್ವು. ನಾವ್ಯಾಕೆ ಮೂತಿ ಉಬ್ಬಿಸ್ಕೊಂಡು ಕೂರ್ಬೇಕು? ಭೂಮಿಯ ಆ ತುದಿಯಿಂದ ಬಂದ್ರೂ ನಿಮ್ಮ ಕತ್ತರಿಗಿಂತ ಅಗ್ಗ. ಹಿಡಿ ಹತ್ರ ಜಾಗ ಖಾಲಿ ಬಿಡಿಸಿಯೇ ತರಿಸಿದ್ದೀನಿ. ನಿಮ್ಮ ಗುಬ್ಬಚ್ಚಿ ಒಂದು ಹೊಡೆದುಕೊಟ್ರೆ ದರ್ಜಿಗಳು ಕಣ್ಣು ಮುಚ್ಕೊಂಡು ತಗೋತಾರೆ."

ಕಾರ್ಖಾನೆ ಮಗನಿಗೆ, ಮುದ್ರೆ ಮಗಳಿಗೆ ಎಂದು ಅಪ್ಪ ಹೇಳಿಹೋಗಿದ್ದರು. ಅವಳು ಒಪ್ಪದೆ ಆ ಅಚ್ಚನ್ನು ಯಾರೂ ಹೊಡೆಯುವಂತಿರಲಿಲ್ಲ. ಒಪ್ಪಿದರೆ ಈ ಕೋಣೆಯಲ್ಲಿ ಅಲಗು ಮಸೆಯುವ ಕೆಲಸ ಇವತ್ತಿಗೆ ಮುಗಿಯುತ್ತಿತ್ತು. ಒಪ್ಪದಿದ್ದರೆ ಇದೇ ಪೆಟ್ಟಿಗೆ ಪಕ್ಕದ ಬೀದಿಯ ಅಂಗಡಿಗೆ ಹೋಗಿ, ಅವರ ಮುದ್ರೆ ಹೊಡೆಸಿಕೊಂಡು, ನಾಳೆಯೋ ನಾಡಿದ್ದೋ ಹೇಗೂ ಮುಗಿಯುತ್ತಿತ್ತು.

"ಅಕ್ಕಾ, ಹೊಟ್ಟೆಗೆ ಹಿಟ್ಟಿಲ್ಲದಾಗ ಜುಟ್ಟಿಗೆ ಮಲ್ಲಿಗೆ ಯಾಕೆ?" ತಮ್ಮ ಮೆಲ್ಲಗೆ ಹೇಳಿದ. "ಅಪ್ಪನ ಮುದ್ರೆಯಾದ್ರೂ ಉಳಿಯತ್ತೆ."

"ಮೊದಲು ಪರೀಕ್ಷೆ ಮಾಡ್ತೀನಿ," ಎಂದಳು ಅಕ್ಕ.

"ಮಾಡಿ, ಮಾಡಿ. ಆದ್ರೆ ಮೊಸರಲ್ಲಿ ಕಲ್ಲು ಹುಡುಕ್ಬೇಡಿ. ಎಲ್ಲಾ ಯಂತ್ರದ್ದು. ಮನುಷ್ಯರ ಕೈ ಸೋಕಿಲ್ಲ."

ಪರೀಕ್ಷೆ ಎಂದರೆ ಇಲ್ಲಿ ಒಂದೇ. ಎರಡು ಅಲಗುಗಳನ್ನು ತಿರುಪಿನಿಂದ ಜೋಡಿಸಿ, ಎಣ್ಣೆ ಬಿಟ್ಟು, ಅಪ್ಪ ಕೂಗುತ್ತಿದ್ದರು: "ಗುಬ್ಬೀ, ಬಾರೇ ಇಲ್ಲಿ." ಮೂಲೆಯಲ್ಲಿ ಕೂತು ಮಗ್ಗಿ ಬರೆಯುತ್ತಿದ್ದ ಅವಳು ಬಂದು ತಲೆ ಬಗ್ಗಿಸಿ ನಿಲ್ಲುತ್ತಿದ್ದಳು. ಅಪ್ಪ ಅವಳ ಜಡೆಯಿಂದ ಒಂದೇ ಒಂದು ಎಳೆ ಕಿತ್ತು, ಕಿಟಕಿಯ ಬೆಳಕಿಗೆ ಹಿಡಿದು, ಕತ್ತರಿಯ ತುದಿಯಿಂದ ಕಚಕ್. ಒಂಟಿ ಕೂದಲು ಜಾರದೆ ತುಂಡಾದರೆ ಮಾತ್ರ ಆ ಕತ್ತರಿಗೆ ಗುಬ್ಬಚ್ಚಿ. ತುಣುಕನ್ನು ಒರೆಸುವಂತಿರಲಿಲ್ಲ. ತಿರುಪಿನ ಬಳಿ ಎಣ್ಣೆಗೆ ಅಂಟಿಸಿಯೇ ಅಲಗು ಮುಚ್ಚಬೇಕು. ಕೊಳ್ಳಲು ಬಂದ ದರ್ಜಿ ಮೊದಲು ಹುಡುಕುತ್ತಿದ್ದದ್ದು ಅದನ್ನೇ.

"ಹೀಗೇ ಆದ್ರೆ ಮಗಳ ತಲೆ ಬೋಳಾಗತ್ತೆ," ಎಂದು ಅಮ್ಮ ಬೈಯುತ್ತಿದ್ದಳು. "ಮುಂದೆ ಅಳಿಯನಿಗೆ ಒಂದು ಡಜನ್ ಕತ್ತರಿ ಕೊಟ್ಟು, ಜಡೆ ಇದರಲ್ಲಿದೆ ಹುಡುಕ್ಕೋಪ್ಪಾ ಅನ್ನಿ."

"ನಾನು ನೋಡದಿರೋ ಊರಲ್ಲೆಲ್ಲ ನನ್ನ ಗುಬ್ಬಿ ಇದ್ದಾಳೆ ಕಣೇ," ಎಂದು ಅಪ್ಪ ಮೀಸೆಯಲ್ಲೇ ನಗುತ್ತಿದ್ದರು. ಅವಳು ಮದುವೆಯಾಗಿ ಹೋದ ಮೇಲೆ ತಮ್ಮ ತನ್ನ ತಲೆಯನ್ನೇ ನಂಬಿಕೊಂಡ. ಅದು ಬಹಳ ವರ್ಷ ಕೈಹಿಡಿಯಲಿಲ್ಲ. ಈಗ ಹೊಲಿಗೆ ದಾರದಲ್ಲೇ ಕೆಲಸ ನಡೆಯುತ್ತಿತ್ತು.

ಅಕ್ಕ ಪೆಟ್ಟಿಗೆಯಿಂದ ಒಂದು ಕತ್ತರಿ ಎತ್ತಿಕೊಂಡಳು. ತಪ್ಪು ಹುಡುಕಬೇಕೆಂದೇ ಎತ್ತಿಕೊಂಡಳು. ಕಿವಿಯ ಹಿಂದಿನಿಂದ ಒಂದು ಬಿಳಿ ಕೂದಲು ಕಿತ್ತು, ಕಿಟಕಿಯ ಕಡೆ ತಿರುಗಿ, ತುದಿಗೆ ಕೊಟ್ಟಳು. ಕಚಕ್. ಜಾರಲಿಲ್ಲ. ಜಾರಿದ್ದರೆ ಎಷ್ಟು ಚೆನ್ನಾಗಿತ್ತು! ತುಣುಕನ್ನು ಅಂಟಿಸಲೆಂದು ಅಲಗುಗಳನ್ನು ಪೂರ್ತಿ ಅಗಲಿಸಿದಳು. ಅವಳ ಕೈ ಅಲ್ಲೇ ನಿಂತಿತು.

ತಿರುಪಿನ ಬಳಿ, ಎಣ್ಣೆಯಲ್ಲಿ, ಆಗಲೇ ಒಂದು ಕೂದಲಿನ ತುಣುಕು ಅಂಟಿಕೊಂಡಿತ್ತು. ತಾಮ್ರದ ತಂತಿಯ ಬಣ್ಣ. ಮಗುವಿನ ಕೂದಲಿನಷ್ಟು ತೆಳು. ಎರಡು ಕೊನೆಯೂ ಓರೆಯಿಲ್ಲದೆ ಕತ್ತರಿಸಿದ್ದು. ಅವಳು ಇನ್ನೊಂದು ಕತ್ತರಿ ತೆರೆದಳು, ಮತ್ತೊಂದು ತೆರೆದಳು. ಎಲ್ಲದರಲ್ಲೂ ಅದೇ ತಾಮ್ರ, ಅದೇ ಜಾಗದಲ್ಲಿ.

"ಏನಮ್ಮಾ, ಸಿಕ್ತಾ ಕಲ್ಲು?" ಎಂದ ವ್ಯಾಪಾರಿ.

ಅವಳು ಕತ್ತರಿಯನ್ನು ತಮ್ಮನ ಕೈಗೆ ಕೊಟ್ಟಳು. ಅವನು ಕನ್ನಡಕವನ್ನು ಹಣೆಗೇರಿಸಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿದ. ನೋಡುತ್ತಲೇ ಇದ್ದ.

"ಅಯ್ಯೋ, ಕೂದಲು ಬಂದಿದ್ಯಾ? ಥೂ, ಕೊಡಿ ಇಲ್ಲಿ, ಒರೆಸಿಬಿಡ್ತೀನಿ." ವ್ಯಾಪಾರಿ ಬಟ್ಟೆಗೆ ಕೈ ಹಾಕಿದ.

"ಒರೆಸ್ಬೇಡಿ!" ಅಕ್ಕ ತಮ್ಮ ಒಟ್ಟಿಗೇ ಕೂಗಿದರು.

ವ್ಯಾಪಾರಿ ಬಟ್ಟೆ ಹಿಡಿದುಕೊಂಡೇ ಇಬ್ಬರ ಮುಖವನ್ನೂ ನೋಡಿದ. ತಮ್ಮ ಸುತ್ತಿಗೆಯನ್ನು ಮೇಜಿನ ಕೆಳಗಿಟ್ಟ. "ಈಗೇನು ಮಾಡೋದು ಅಕ್ಕಾ?"

"ಮಾರೋದು. ಚೆನ್ನಾಗಿದೆಯಲ್ಲ, ಸುಳ್ಳು ಯಾಕೆ ಹೇಳ್ಲಿ? ನಮ್ಮದನ್ನೂ ಪಕ್ಕದಲ್ಲೇ ಇಡೋಣ, ತಗೊಳ್ಳೋರು ತಗೊಳ್ಳಲಿ. ಅಚ್ಚು ಮಾತ್ರ ಹೊಡೀಬೇಡ."

"ಮುದ್ರೆ ಇಲ್ಲದ ಕತ್ತರಿ ಅನಾಥ ಅಮ್ಮಾ," ಎಂದ ವ್ಯಾಪಾರಿ. "ಯಾರೂ ಮುಟ್ಟಲ್ಲ."

ಅಕ್ಕ ತಮ್ಮನ ಕೈಯಿಂದ ಕತ್ತರಿ ತೆಗೆದುಕೊಂಡು, ಒಳಗಿನ ತುಣುಕು ಕದಲದ ಹಾಗೆ ಮೆಲ್ಲಗೆ ಮುಚ್ಚಿದಳು.

"ಅನಾಥ ಅಲ್ಲಪ್ಪಾ," ಎಂದಳು. "ಇದಕ್ಕೆ ಆಗಲೇ ಒಬ್ಬಳು ಗುಬ್ಬಿ ಇದ್ದಾಳೆ."