ಪಕ್ಕದವರಿಗೆ ಸರಿಯಿಲ್ಲ

"ನಮಗೇನು ಹುಚ್ಚೇ? ಬೇಕಾದ್ರೆ ಪಕ್ಕದವರನ್ನ ಕರೀರಿ."

ನೆರೆ ಸಂತ್ರಸ್ತರ ಕೇಂದ್ರಕ್ಕೆ ಬಂದಾಗಿನಿಂದ ಆಪ್ತ ಸಮಾಲೋಚಕಿಗೆ ಸಿಕ್ಕ ಉತ್ತರ ಇದೊಂದೇ. ಕೇಂದ್ರ ನಡೆಯುತ್ತಿದ್ದ ಶಾಲೆಯ ಪ್ರಯೋಗಾಲಯದಲ್ಲಿ ಎರಡು ಕುರ್ಚಿ ಹಾಕಿಕೊಂಡು ಅವಳು ನೊಣ ಹೊಡೆಯುತ್ತಿದ್ದಳು. ಮನಸ್ಸು ಕೆಟ್ಟಿರುವುದೆಲ್ಲ ಪಕ್ಕದವರಿಗೇ, ತಮಗೆ ಮಾತ್ರ ಏನೂ ಆಗಿಲ್ಲವಂತೆ!

ಆದರೆ ರಕ್ಷಣಾ ದಳದ ದೋಣಿಯವನು ನೆರೆ ಬಂದಂದಿನಿಂದ ಕಣ್ಣು ಮುಚ್ಚಿರಲಿಲ್ಲ. ನಿನ್ನೆ ದೋಣಿಯನ್ನು ನೇರವಾಗಿ ಸೇತುವೆಯ ಕಂಬಕ್ಕೆ ಗುದ್ದಿದ್ದ. ಇವತ್ತೂ ಸಮಾಲೋಚಕಿಯೆದುರು ಬಾಯಿ ಬಿಡದಿದ್ದರೆ ಕೆಲಸದಿಂದ ಇಳಿಸಿ ಮನೆಗೆ ಕಳಿಸುತ್ತೇನೆಂದು ದಳದ ಮುಖ್ಯಸ್ಥ ಹೇಳಿಹೋಗಿದ್ದ. ಇತ್ತ, ಗಂಡನನ್ನು ಹೊಳೆಯಲ್ಲಿ ಕಳೆದುಕೊಂಡ ಅಜ್ಜಿಯೊಬ್ಬಳು ಒಂದು ಹನಿ ಕಣ್ಣೀರು ಹಾಕದೆ ಕಂಡಕಂಡವರ ಕಂಬಳಿ ಮಡಿಸುತ್ತಾ ಓಡಾಡುತ್ತಿದ್ದಳು.

ಸಮಾಲೋಚಕಿಗೆ ಯಾವ ಪುಸ್ತಕದಲ್ಲೂ ಇಲ್ಲದ ಕಿತಾಪತಿಯೊಂದು ಹೊಳೆಯಿತು. ಪಾಪ, ಆ ದೋಣಿಯವನಿಗೆ ನಿದ್ದೆಯಿಲ್ಲ, ಹಿರಿಯರು ನೀವೇ ಸಮಾಧಾನ ಹೇಳಿ ಮಲಗಿಸಬೇಕು ಎಂದು ಅಜ್ಜಿಗೆ ಹೇಳಿದಳು. ಅಜ್ಜಿ ಅತ್ತೇ ಇಲ್ಲ, ಎದೆ ಒಡೆದೀತು, ಹೇಗಾದರೂ ಅಳಿಸಿಬಿಡಿ ಎಂದು ದೋಣಿಯವನಿಗೆ ಹೇಳಿದಳು. ಇಬ್ಬರೂ ಎದ್ದುಬಿದ್ದು ಬಂದರು. ಕದ್ದು ಕೇಳುವುದು ತಪ್ಪೆಂದು ಊರಿಗೆಲ್ಲ ಪಾಠ ಮಾಡಿದವಳು ಇಬ್ಬರನ್ನೇ ಒಳಗೆ ಬಿಟ್ಟು ಬಾಗಿಲಿಗೆ ಕಿವಿಯಿಟ್ಟು ನಿಂತಳು.

ಮೊದಲು ಇಬ್ಬರದೂ ಉಪದೇಶ. ಆಮೇಲೆ ಅವನೊಬ್ಬನದೇ ಮಾತು. ಹಿಡಿದ ಕೈ ಜಾರಿದ್ದು, ಅದು ಪುಟ್ಟ ಹುಡುಗಿಯ ಕೈ, ಕಣ್ಣು ಮುಚ್ಚಿದರೆ ಮತ್ತೆ ಜಾರುವುದು. ಅಷ್ಟರಲ್ಲಿ ಗೊರಕೆ ಕೇಳಿಸಿತು. ಕೆಟ್ಟಿತು ಕೆಲಸ ಎಂದುಕೊಂಡು ಅವಳು ಬಾಗಿಲು ಸರಿಸಿದಳು. ಮಲಗಿಸಲು ಬಂದ ಅಜ್ಜಿ ಕುರ್ಚಿಯಲ್ಲೇ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದಳು. ಅಳಿಸಲು ಬಂದವನು ಬಿಕ್ಕಿ ಬಿಕ್ಕಿ ಅಳುತ್ತಿದ್ದ.

ಅವಳನ್ನು ಕಂಡು ಅವನು ಮುಖ ಒರೆಸಿಕೊಂಡು ಎದ್ದುಬಂದ. "ಮೆಲ್ಲಗೆ ಮೇಡಂ, ಪಾಪ, ಈಗ ನಿದ್ದೆ ಹತ್ತಿದೆ. ಅಳಿಸೋಕೆ ನನ್ನ ಕೈಲಿ ಆಗಲಿಲ್ಲ, ನಾಳೆ ಮತ್ತೆ ಬರ್ತೀನಿ," ಎಂದು ಪಿಸುಗುಟ್ಟಿ, ದೊಡ್ಡದಾಗಿ ಆಕಳಿಸುತ್ತಾ ಹೋದ. ಆ ಆಕಳಿಕೆ ಕಂಡು ಅವಳಿಗೆ ಕುಣಿದಾಡುವಷ್ಟು ಖುಷಿಯಾಯಿತು.

ಅಜ್ಜಿ ಒಂದು ಕಣ್ಣು ತೆರೆದಳು. "ಹೋದನಾ?"

"ನೀವು ಮಲಗಿರಲಿಲ್ವಾ ಅಜ್ಜಿ?"

"ಎದುರಿಗೆ ಒಬ್ಬರು ನೋಡ್ತಾ ಕೂತ್ರೆ ಯಾರಿಗಾದ್ರೂ ಅಳು ಬರುತ್ತಾ ಮಗಳೇ?"

ಅಜ್ಜಿ ಮೊಣಕಾಲು ಹಿಡಿದುಕೊಂಡು ಎದ್ದು ಬಾಗಿಲ ತನಕ ಹೋದಳು. ಅಲ್ಲೇ ನಿಂತು, ಹಿಂದಿರುಗಿ ನೋಡದೆ, ಸಣ್ಣ ದನಿಯಲ್ಲಿ ಹೇಳಿದಳು.

"ನಾಳೆ ಅವನು ಗೊರಕೆ ಹೊಡೀಲಿ."